ನೀರು ಬಿಡೋಕೆ ಕೀ ಇಲ್ಲದ ವಾದ್ಯ: ಟ್ರಂಪೆಟ್‌ನವನ ಕೈಯಲ್ಲಿ ರಾಮೇಶ್ವರದ ಶಂಖ

ಪೂಜೆಗೆ ಇಡಲು ಶಂಖ ಹುಡುಕುತ್ತಿರುವವರಿಗೆ ಈ ಬರಹದಿಂದ ಜಾಸ್ತಿ ಉಪಯೋಗವಿಲ್ಲ. ನಾನು ಮೈಸೂರು ಕಡೆಯ ಮದುವೆ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುವವನು. ರಾಮೇಶ್ವರದ ದೇವಸ್ಥಾನದ ಬೀದಿಯಲ್ಲಿ 1,800 ರೂಪಾಯಿ ಕೊಟ್ಟು ಊದುವ ಶಂಖ ತಂದು ವರ್ಷದ ಮೇಲಾಯಿತು. ಎರಡಕ್ಕೂ ತುಟಿ ಅದುರಿಸಬೇಕು ಅಷ್ಟೇ ಅಲ್ವಾ, ಒಂದು ಕೈ ನೋಡೋಣ ಅನ್ನಿಸಿತ್ತು.

ಹಿತ್ತಾಳೆ ವಾದ್ಯದವರಿಗೆ ಮೊದಲೇ ಒಂದು ಮಾತು. ನಮ್ಮ ಬಿಗಿ ತುಟಿಯಲ್ಲಿ ಊದಿದರೆ ಶಂಖ ಬರೀ ಕೀಚಲು ದನಿ ಕೊಡುತ್ತದೆ. ಟ್ರಂಪೆಟ್‌ನಲ್ಲಿ ತೀರಾ ಕೆಳಗೆ ಪೆಡಲ್ ಸ್ವರ ಅಂತ ಇದೆಯಲ್ಲ, ಅದನ್ನು ನಾವು ಮುಟ್ಟುವುದೇ ಅಪರೂಪ. ಶಂಖದ ಅಸಲಿ ದನಿ ಇರುವುದೇ ಅಲ್ಲಿ. ಕುದುರೆ ಫುರ್ರ್ ಅನ್ನುವ ಹಾಗೆ ತುಟಿ ಸಡಿಲ ಬಿಟ್ಟು, ಹೊಟ್ಟೆಯಿಂದ ಗಾಳಿ ಕೊಡಬೇಕು. ಆಗ ಬರುವ ದನಿಗೆ ಹಿಡಿದ ಕೈಯೂ ಅದುರುತ್ತದೆ. ಮೌತ್‌ಪೀಸ್ ಇರುವುದಿಲ್ಲ, ತುದಿ ಕತ್ತರಿಸಿದ ತೂತೇ ಎಲ್ಲ. ನನ್ನದರ ಅಂಚು ತುಟಿ ಕೊರೆಯುತ್ತಿತ್ತು. ಸಣ್ಣ ಎಮರಿ ಪೇಪರ್ ನೀರಲ್ಲಿ ಅದ್ದಿ ಉಜ್ಜಿದ ಮೇಲೆ ಸರಿಹೋಯಿತು. ಒಣಗಿದ್ದಾಗ ಉಜ್ಜಬೇಡಿ, ಆ ಪುಡಿ ಮೂಗಿಗೆ ಹೋಗುವುದು ಒಳ್ಳೆಯದಲ್ಲ.

ಈಗ ನನ್ನ ತಲೆ ತಿಂದ ವಿಷಯ: ನೀರು. ಟ್ರಂಪೆಟ್‌ನಲ್ಲಿ ಉಸಿರಿನ ತೇವ ನಿಂತರೆ ವಾಟರ್ ಕೀ ಒತ್ತಿ ಒಂದು ಸಲ ಊದಿದರೆ ಮುಗಿಯಿತು. ಇಲ್ಲಿ ಆ ಅನುಕೂಲ ಎಲ್ಲಿದೆ? ಹತ್ತು ನಿಮಿಷ ಊದಿದರೆ ಒಳಗೆ ಗೊಳಗೊಳ ಶುರು. ಕೊಡವಿದರೆ ಬರುವುದಿಲ್ಲ, ಸುರುಳಿಯಲ್ಲೇ ಕೂರುತ್ತದೆ. ಕೊನೆಗೆ ಕಂಡುಕೊಂಡ ದಾರಿ ಇದು. ಶಂಖವನ್ನು ಅಡ್ಡ ಹಿಡಿದು, ಸುರುಳಿ ಬಿಚ್ಚಿಕೊಳ್ಳುವ ಕಡೆಗೆ ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಅರ್ಧ ಸುತ್ತಿಗೊಮ್ಮೆ ಸುಮ್ನೆ ನಿಲ್ಲಬೇಕು. ಕಿವಿ ಹತ್ತಿರ ಇಟ್ಟರೆ ಹನಿ ಒಳಗೊಳಗೇ ಜಾರುವುದು ಕೇಳಿಸುತ್ತದೆ. ಇನ್ನೂ ಎರಡು ಸುತ್ತಿಗೆ ಅಗಲ ಬಾಯಿಯ ಅಂಚಿನಿಂದ ಸಣ್ಣಗೆ ಇಳಿಯುತ್ತದೆ. ದಿಕ್ಕು ತಪ್ಪಿದರೆ ಮತ್ತೆ ಒಳಗೇ. ಈ ಕೆಲಸಕ್ಕೆ ಮೊದಮೊದಲು ಬೈದುಕೊಳ್ಳುತ್ತಿದ್ದೆ. ಈಗ ಅಭ್ಯಾಸ ಮುಗಿದ ಮೇಲೆ ಕಾಫಿ ಆರುವಷ್ಟು ಹೊತ್ತು ಇದನ್ನೇ ಮಾಡುತ್ತಾ ಕೂರುತ್ತೇನೆ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಟವೆಲ್ ಮೇಲೆ ಬಾಯಿ ಕೆಳಗೆ ಮಾಡಿ ಮಲಗಿಸಿದರೆ ವಾಸನೆ ಬರುವುದಿಲ್ಲ. ಒಂದು ದಿನ ಅಮ್ಮ ಹಿತ್ತಾಳೆ ಚೊಂಬಿನ ಜೊತೆ ಇದಕ್ಕೂ ಹುಣಸೆಹಣ್ಣು ಹಚ್ಚಲು ಹೊರಟಿದ್ದರು, ಓಡಿಹೋಗಿ ಕಿತ್ತುಕೊಂಡೆ. ಶಂಖ ಸುಣ್ಣದ್ದು, ಹುಳಿ ತಗುಲಿದರೆ ಮೈ ಸವೆಯುತ್ತದೆ.

ಹೊತ್ತು ನೋಡಿ ಊದಿ. ನಮ್ಮ ಕಡೆ ಹೆಣದ ಮುಂದೆಯೂ ಶಂಖ ಜಾಗಟೆ ಹೋಗುತ್ತದೆ. ಒಂದು ಸಂಜೆ ಎದುರುಮನೆ ಅಜ್ಜಿ ಗಾಬರಿಯಲ್ಲಿ ಬಂದು, "ಯಾರಪ್ಪಾ ಹೋಗಿದ್ದು?" ಅಂತ ಕೇಳಿದರು. ಆಮೇಲೆ ಪೂಜೆ ಹೊತ್ತಿಗೆ ಮಾತ್ರ ಅಭ್ಯಾಸ.

ದೊಡ್ಡ ಬೇಸರ ಶ್ರುತಿಯದು. ಪಾಶ್ಚಾತ್ಯ ಸ್ವರಗಳ ಲೆಕ್ಕದಲ್ಲಿ ನನ್ನ ಶಂಖ ನಿಲ್ಲುವುದು ಡಿಗೂ ಇ ಫ್ಲಾಟ್‌ಗೂ ನಡುವೆ. ಎಳೆದು ಸರಿಮಾಡಲು ಟ್ಯೂನಿಂಗ್ ಸ್ಲೈಡ್ ಇಲ್ಲ. ಒಂದು ಮೆರವಣಿಗೆಯಲ್ಲಿ ಶುರುವಿಗೆ ಊದಿದಾಗ ಕ್ಲಾರಿನೆಟ್‌ನವನು ನನ್ನ ಮುಖ ನೋಡಿದ ರೀತಿ ಇನ್ನೂ ಕಣ್ಣಲ್ಲಿದೆ. ಹಾಗೆ ನೋಡಿದರೆ ಇದು ಶಂಖದ ಜಾತಿಯ ಗುಣವೇ. ಫ್ರಾನ್ಸ್‌ನ ಮಾರ್ಸುಲಾ ಗುಹೆಯಲ್ಲಿ 1931ರಲ್ಲಿ ಸಿಕ್ಕ, ಸುಮಾರು 18,000 ವರ್ಷ ಹಳೆಯ ಶಂಖವನ್ನು ಹಾರ್ನ್ ವಾದಕರೊಬ್ಬರಿಂದ ಊದಿಸಿದ್ದರು. 2021ರಲ್ಲಿ ಆ ಸುದ್ದಿ ಬಂತು. ಅವರಿಗೂ ದಕ್ಕಿದ್ದು ಸಿ, ಸಿ ಶಾರ್ಪ್, ಡಿ ಹತ್ತಿರದ ಮೂರು ಸ್ವರ. ಅಮೆರಿಕದ ಜಾಝ್ ಟ್ರೊಂಬೋನ್ ವಾದಕ ಸ್ಟೀವ್ ಟುರೆ ಕಛೇರಿಗೆ ಬೇರೆ ಬೇರೆ ಗಾತ್ರದ ಶಂಖಗಳನ್ನೇ ಸಾಲಾಗಿ ಇಟ್ಟುಕೊಳ್ಳುತ್ತಾರೆ. ನನ್ನ ಜೇಬಿಗೆ ಅದು ಆಗದ ಮಾತು.

ಆದರೂ ಮಾರಿಬಿಡುವ ಯೋಚನೆ ಬಿಟ್ಟೆ, ಅದಕ್ಕೆ ಕಾರಣ ಬಲಗೈ. ಫ್ರೆಂಚ್ ಹಾರ್ನ್‌ನವರು ವಾದ್ಯದ ಅಗಲ ಬಾಯಿ, ಅಂದರೆ ಬೆಲ್ ಒಳಗೆ ಕೈ ಇಡುವಂತೆ, ಶಂಖದ ಬಾಯಿಗೆ ಬೆರಳು ತೂರಿಸಿದರೆ ಸ್ವರ ಕೆಳಗಿಳಿಯುತ್ತದೆ. ನಾಲ್ಕು ಬೆರಳೂ ಹೋದರೆ ಒಂದು ಸ್ವರಕ್ಕಿಂತ ಜಾಸ್ತಿಯೇ ಇಳಿಯುತ್ತದೆ. ಹೊರಗೆ ತೆಗೆಯುತ್ತಾ ಬಂದರೆ ಜಾರಿಕೊಂಡು ಮೇಲೇರುತ್ತದೆ. ಟ್ರಂಪೆಟ್‌ನ ಮೂರು ವಾಲ್ವ್ ಒತ್ತಿ ಒತ್ತಿ ನನ್ನ ಕೈಗೆ ಸಿಗದೇ ಇದ್ದ ಗಮಕ ಇಲ್ಲಿ ಪುಕ್ಕಟೆ ಸಿಕ್ಕಿತು. ಬೆಳಿಗ್ಗೆ ಇದನ್ನು ಊದಿ ಆಮೇಲೆ ಟ್ರಂಪೆಟ್ ಹಿಡಿದರೆ ಕೆಳಗಿನ ಸ್ವರಗಳು ತುಂಬಿಕೊಂಡು ಬರುತ್ತವೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಬ್ಯಾಂಡ್ ಜೊತೆ ನುಡಿಸುವ ಆಸೆ ಇದ್ದವರು ಅಂಗಡಿಯಲ್ಲೇ ಫೋನಿನ ಟ್ಯೂನರ್ ಆಪ್ ತೆರೆದು, ಹತ್ತು ಶಂಖ ಊದಿಸಿ ನೋಡಿ. ಅಂಗಡಿಯವರು ಸಿಡುಕಿದರೂ ಪರವಾಗಿಲ್ಲ. ನನಗೂ ಬಿ ಫ್ಲಾಟ್ ಶ್ರುತಿಯ ಶಂಖ ಒಂದು ಬೇಕು, ಆ ಕಡೆ ಹೋಗುವವರಿದ್ದರೆ ಹೇಳಿ.