ಮನೆ ಮಾರುವಾಗ ತೋರಿಸುವ ಕೆಲಸ ಯಾರಿಗೆ? ಬ್ರೋಕರ್, ಪೋರ್ಟಲ್, ಪೇಯ್ಡ್ ಪ್ಲಾನ್ ವಿಮರ್ಶೆ

ಬೆಂಗಳೂರಿನಲ್ಲಿ ಸ್ವಂತ ಮನೆ ಮಾರಲು ಹೊರಟವರಿಗೆ ಮೂರು ದಾರಿ: ಏರಿಯಾ ಬ್ರೋಕರ್, ನೋಬ್ರೋಕರ್ ಅಥವಾ ಮ್ಯಾಜಿಕ್‌ಬ್ರಿಕ್ಸ್‌ನಂಥ ಪೋರ್ಟಲ್‌ನಲ್ಲಿ ತಾವೇ ಹಾಕುವ ಜಾಹೀರಾತು, ಇಲ್ಲವೇ ಅದೇ ಪೋರ್ಟಲ್‌ಗಳಲ್ಲಿ ದುಡ್ಡು ಕಟ್ಟಿ ತೆಗೆದುಕೊಳ್ಳುವ ಪೇಯ್ಡ್ ಪ್ಲಾನ್. ಜನರನ್ನು ಗೇಟಿನವರೆಗೆ ತರಲು ಮೂರಕ್ಕೂ ಬರುತ್ತದೆ. ಬಂದವರಲ್ಲಿ ನಿಜಕ್ಕೂ ಕೊಳ್ಳುವವರೆಷ್ಟು ಎಂದು ಕೇಳಿದಾಗಲೇ ಬಣ್ಣ ಬಯಲಾಗುವುದು.

ಏರಿಯಾ ಬ್ರೋಕರ್‌ಗೆ ಐದಕ್ಕೆ ಮೂರೂವರೆ. ಕಮಿಷನ್ ಸಾಮಾನ್ಯವಾಗಿ ಶೇ. 1ರಿಂದ 2, ಮೊದಲೇ ಬರೆದಿಟ್ಟುಕೊಳ್ಳಿ. ಬೀದಿಯ ರೇಟು, ಯಾವ ಮನೆ ಎ ಖಾತಾ (ಪಾಲಿಕೆ ದಾಖಲೆಯಲ್ಲಿ ನಿಯಮಬದ್ಧವಾದ ಆಸ್ತಿ), ಯಾವುದು ಬಿ ಖಾತಾ (ಅನುಮೋದನೆಯಲ್ಲಿ ಕೊರತೆಯಿರುವ ಆಸ್ತಿ), ಕಾವೇರಿ ನೀರು ಯಾವ ದಿನ ಬಿಡುತ್ತಾರೆ, ಎಲ್ಲ ಅವರ ನಾಲಗೆ ತುದಿಯಲ್ಲಿರುತ್ತದೆ. ತೊಂದರೆ ಬೇರೆ ಕಡೆ. 80 ಲಕ್ಷದ ಪಾರ್ಟಿಗೆ ನಿಮ್ಮ 1.2 ಕೋಟಿಯ ಮನೆ ತೋರಿಸುವುದುಂಟು, ಆಮೇಲೆ ತೋರಿಸುವ ಮನೆ ಅಗ್ಗ ಅನ್ನಿಸಲಿ ಅಂತ! ಒಂದೇ ಪಾರ್ಟಿಯನ್ನು ಇಬ್ಬರು ಬ್ರೋಕರ್‌ಗಳು ಕರೆತಂದರೆ ಕೊನೆಗೆ ಕಮಿಷನ್ ಜಗಳ ನಿಮ್ಮ ತಲೆಗೆ. ಹಾಗಾಗಿ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಬಂದವರ ಹೆಸರು, ಫೋನ್, ಯಾರ ಮೂಲಕ ಬಂದರು ಎಂದು ಬರೆದು ಬ್ರೋಕರ್ ಸಹಿ ಹಾಕಿಸಿ. ಖಾಲಿ ಮನೆಯಾದರೂ ಬೀಗದ ಕೈ ಕೊಡಬೇಡಿ. ಒಬ್ಬರಿಗೆ ಕೊಟ್ಟ ಕೀ ಎಷ್ಟು ಕೈ ದಾಟುತ್ತದೋ ಲೆಕ್ಕವಿರುವುದಿಲ್ಲ.

ಉಚಿತ ಜಾಹೀರಾತಿಗೆ ಎರಡೂವರೆ. ನಂಬರ್ ಹಾಕಿದ ಗಳಿಗೆಯಿಂದ "ಪಾರ್ಟಿ ರೆಡಿ ಇದೆ ಸಾರ್" ಎನ್ನುವ ಬ್ರೋಕರ್‌ಗಳ ದಂಡೇ ಬರುತ್ತದೆ. ಜರಡಿ ಹಿಡಿಯುವ ಕೆಲಸ ಪೂರ್ತಿ ನಿಮ್ಮದು. ಫೋನಿನಲ್ಲೇ ಮೂರು ಮಾತು ಕೇಳಿ: ಲೋನ್ ಸ್ಯಾಂಕ್ಷನ್ ಆಗಿದೆಯೇ, ಬಿ ಖಾತಾ ಆದರೆ ಪರವಾಗಿಲ್ಲವೇ, ತೀರ್ಮಾನ ಮಾಡುವ ಹಿರಿಯರೂ ಜೊತೆಗೆ ಬರುತ್ತಾರೆಯೇ. ಮನೆಯನ್ನೇ ನೋಡದೆ ಅಡ್ವಾನ್ಸ್ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ.

ಪೇಯ್ಡ್ ಪ್ಲಾನ್‌ಗೆ ಮೂರು. ಕೊಳ್ಳುವವರ ಬಜೆಟ್ ವಿಚಾರಿಸಿ ಪೋರ್ಟಲ್‌ನವರೇ ಕಳಿಸುತ್ತಾರೆ, ಆದರೆ ಫೋನಿನಲ್ಲಿ ಮಾತಾಡುವವರು ನಿಮ್ಮ ಮನೆ ಕಂಡವರಲ್ಲ. ಸೈಟಿನ ಅಳತೆ, ಕಟ್ಟಿದ ವರ್ಷ, ಬಾಗಿಲಿನ ದಿಕ್ಕು, ಸಂಪು ಎಷ್ಟು ಲೀಟರ್, ಖಾತಾ ಯಾವುದು, ಇವಿಷ್ಟನ್ನು ಒಂದು ವಾಟ್ಸಾಪ್ ಮೆಸೇಜಿನಲ್ಲಿ ಕಳಿಸಿಟ್ಟರೆ ಸುಮ್ಮನೆ ಬಂದು ಹೋಗುವವರು ಕಡಿಮೆಯಾಗುತ್ತಾರೆ.

ಮನೆಯೊಳಗಿನ ಅರ್ಧ ಗಂಟೆಯನ್ನು ಮಾತ್ರ ಯಾವ ಸೇವೆಯೂ ನೋಡಿಕೊಳ್ಳುವುದಿಲ್ಲ. ಭಾನುವಾರ ಬೆಳಿಗ್ಗೆ 10ರಿಂದ 1 ಒಳ್ಳೆಯ ಹೊತ್ತು: ಬೆಳಕಿರುತ್ತದೆ, ಸಂಜೆ 4.30ರಿಂದ 6ರ ರಾಹುಕಾಲವೂ ತಪ್ಪುತ್ತದೆ. ಶನಿವಾರವಾದರೆ 10.30 ಕಳೆಯಲಿ. ಒಂದು ಪಾರ್ಟಿಗೂ ಇನ್ನೊಂದಕ್ಕೂ ನಡುವೆ 45 ನಿಮಿಷ ಬಿಡಿ. ಅರ್ಧ ಗಂಟೆ ಮುಂಚೆ ಕಿಟಕಿ ತೆರೆದು, ಮೋಟರ್ ಹಾಕಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿ. ಬಂದವರು ಮೊದಲು ತಿರುಗಿಸುವುದು ಬಚ್ಚಲ ನಲ್ಲಿಯನ್ನೇ. ಒಡವೆ, ಮೂಲ ಪತ್ರಗಳು ಬ್ಯಾಂಕ್ ಲಾಕರಿನಲ್ಲಿರಲಿ.

ತೋರಿಸುವವರು ಒಬ್ಬರೇ ಇರಬೇಕು. ಮನೆಮಂದಿಯೆಲ್ಲ ಹಿಂದೆ ಹಿಂದೆ ಬಂದರೆ ನೋಡುವವರು ಬಾಯಿ ಬಿಡುವುದಿಲ್ಲ. ಹಾಲ್, ಅಡುಗೆಮನೆ, ರೂಮುಗಳು, ಟೆರೇಸ್, ಕೊನೆಗೆ ಸಂಪು ಮತ್ತು ಮೀಟರ್ ಎಂಬ ಕ್ರಮ ಸರಿ. ಸೀಪೇಜ್ ಇದ್ದ ಗೋಡೆಗೆ ಬರೀ ಬಣ್ಣ ಹೊಡೆಸಿ ಮುಚ್ಚಿದರೆ ಒಂದು ಮಳೆಗೆ ಉಬ್ಬುತ್ತದೆ, ಆಗ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಟೆರೇಸಿನಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸಿ ಬಿಲ್ ತೋರಿಸಿ, ಇಲ್ಲವೇ ಇರುವುದನ್ನು ಇದ್ದ ಹಾಗೆ ಹೇಳಿ. ವಾಸ್ತು ಕೇಳಿದರೆ ದಿಕ್ಕು ಹೇಳಿ ಸುಮ್ಮನಿರಿ. ವಾದ ಬೇಡ, ದಿಕ್ಸೂಚಿ ಅವರ ಫೋನಿನಲ್ಲೇ ಇದೆ.

ಇ-ಖಾತಾ (ಆನ್‌ಲೈನ್ ಖಾತಾ), ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ), ತೆರಿಗೆ ರಸೀದಿಗಳನ್ನು ಅಲ್ಲೇ ತೋರಿಸಿ. ಎರಡನೇ ಸಲ ಬಂದವರಿಗಷ್ಟೇ ಜೆರಾಕ್ಸ್, ಅದೂ ಅಡ್ಡಗೆರೆ ಎಳೆದು, ಯಾರಿಗೆ, ಯಾವ ದಿನ ಕೊಟ್ಟದ್ದು ಎಂದು ಬರೆದು. ಮೊದಲ ಭೇಟಿಯಲ್ಲಿ ಬ್ರೋಕರ್ ಎದುರು ಕೊನೇ ರೇಟು ಬಿಡಬೇಡಿ. ನಾಳೆಗೆ ಅದೇ ಏರಿಯಾದ ಆರಂಭದ ರೇಟಾಗುತ್ತದೆ. ಮನೆ ಹಿಡಿಸಿತು ಅಂತ ಟೋಕನ್ ನೋಟು ಎಣಿಸಲು ಶುರುಮಾಡಿದರೆ ತಡೆಯಿರಿ. ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಆದಾಯ ತೆರಿಗೆ ಕಾನೂನಿನಲ್ಲಿ ದಂಡ ಬೀಳುವುದು ಪಡೆದವರಿಗೆ.