ನಲ್ಲಿಗೆ ಏರೇಟರ್: ಬೇಸಿನ್‌ಗೆ ಸರಿ, ಬಕೆಟ್ ತುಂಬುವ ನಲ್ಲಿಗೆ ದಂಡ

2024ರ ಮಾರ್ಚ್‌ನಲ್ಲಿ ನೀರಿನ ಬರ ತಲೆಮೇಲೆ ಬಂದಾಗ ಬೆಂಗಳೂರು ಜಲಮಂಡಳಿ ಹೋಟೆಲು, ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟುಗಳಿಗೆ ಏರೇಟರ್ ಕಡ್ಡಾಯ ಮಾಡಿತು. ಅಂದಿನಿಂದ ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಈ ಪುಟ್ಟ ಬಿಲ್ಲೆ ಎಲ್ಲರಿಗೂ ಪರಿಚಯ. ಪ್ಯಾಕಿನ ಮೇಲೆ ‘ಶೇ. 80ರವರೆಗೆ ಉಳಿತಾಯ’ ಎಂದು ಬರೆದಿರುತ್ತದೆ. ಅದು ಸುಳ್ಳಲ್ಲ. ಆದರೆ ಅದು ನಲ್ಲಿಯ ಲೆಕ್ಕ, ಮನೆಯ ಲೆಕ್ಕವಲ್ಲ.

ಕೈ ತೊಳೆಯುವುದು ಹೊತ್ತಿನ ಕೆಲಸ. 20 ಸೆಕೆಂಡು ಕೈ ಉಜ್ಜಿದರೆ ನಿಮಿಷಕ್ಕೆ 12 ಲೀಟರ್ ಸುರಿಯುವ ನಲ್ಲಿಯಲ್ಲಿ 4 ಲೀಟರ್ ಹೋಗುತ್ತದೆ, ನಿಮಿಷಕ್ಕೆ 3 ಲೀಟರ್ ಬಿಡುವ ಏರೇಟರ್ ಇದ್ದರೆ ಒಂದೇ ಲೀಟರ್. ಬಕೆಟ್ ತುಂಬುವುದು ಅಳತೆಯ ಕೆಲಸ. 20 ಲೀಟರ್ ಬಕೆಟ್‌ಗೆ ಯಾವ ನಲ್ಲಿಯಲ್ಲಾದರೂ 20 ಲೀಟರೇ ಬೇಕು. ಏರೇಟರ್ ಇಲ್ಲದಿದ್ದರೆ 100 ಸೆಕೆಂಡು, ಇದ್ದರೆ 6 ನಿಮಿಷ 40 ಸೆಕೆಂಡು. ಅಷ್ಟು ಹೊತ್ತು ಯಾರೂ ಎದುರು ನಿಲ್ಲುವುದಿಲ್ಲ, ಬೇರೆ ಕೆಲಸಕ್ಕೆ ಹೋಗುತ್ತಾರೆ, ಬಕೆಟ್ ತುಂಬಿ ಹರಿಯುತ್ತದೆ. ನಮ್ಮಲ್ಲಿ ಸ್ನಾನ, ಬಟ್ಟೆ, ನೆಲ ಒರೆಸುವುದು ಎಲ್ಲ ಬಕೆಟ್ಟಿನಲ್ಲೇ ನಡೆಯುವುದರಿಂದ ಮನೆಯ ದೊಡ್ಡ ಖರ್ಚಿನ ಜಾಗಗಳಲ್ಲಿ ಇದರ ಆಟ ನಡೆಯುವುದಿಲ್ಲ. ಬಚ್ಚಲಿನ ಬಕೆಟ್ ನಲ್ಲಿಗೂ ವಾಷಿಂಗ್ ಮಷೀನಿನ ನಲ್ಲಿಗೂ ಹಾಕಿಸಬೇಡಿ. ವಾಶ್ ಬೇಸಿನ್‌ಗೆ 3 ಲೀಟರಿನದು ಸಾಕು. ಅಡುಗೆಮನೆ ಸಿಂಕಿಗೆ 6 ಲೀಟರಿನದು ಸರಿ, ಏಕೆಂದರೆ ಅಲ್ಲಿ ಪಾತ್ರೆ ತೊಳೆಯುವುದೂ ಇದೆ, ಕುಕ್ಕರಿಗೆ ನೀರು ಹಿಡಿಯುವುದೂ ಇದೆ. ಎರಡು ಬಗೆಯ ಹರಿವಿಗೆ ತಿರುಗಿಸಿಕೊಳ್ಳುವ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು.

ಬಿಚ್ಚಿದರೆ ಒಳಗೆ ಒಂದು ರಬ್ಬರ್ ವಾಶರ್, ಒಂದು ಪ್ಲಾಸ್ಟಿಕ್ ಬಿಲ್ಲೆ, ಕೆಳಗೆ ಸಣ್ಣ ಜಾಲರಿ. ಒಳ್ಳೆಯ ಮಾದರಿಗಳ ಬಿಲ್ಲೆಯಲ್ಲಿ ಒಂದು ರಬ್ಬರ್ ಉಂಗುರವೂ ಇರುತ್ತದೆ. ಒತ್ತಡ ಹೆಚ್ಚಾದಂತೆ ಅದು ಅದುಮಿಕೊಂಡು ದಾರಿಯನ್ನು ಕಿರಿದಾಗಿಸುತ್ತದೆ, ಹಾಗಾಗಿ ಹರಿವು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಉಂಗುರ ಇಲ್ಲದ ಅಗ್ಗದ ಮಾಲಿನಲ್ಲಿ ಪ್ಯಾಕಿನ ಮೇಲಿನ ಅಂಕಿಗೆ ಅರ್ಥವಿಲ್ಲ.

ಒತ್ತಡದ ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನೀರು ಒಂದು ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ 0.1 ಬಾರ್ (ಬಾರ್ ಎಂದರೆ ಒತ್ತಡದ ಅಳತೆ). ಮೇಲಿನ ಮಹಡಿಯ ನಲ್ಲಿಗೂ ಓವರ್‌ಹೆಡ್ ಟ್ಯಾಂಕಿಗೂ ಮೂರೇ ಮೀಟರ್ ಅಂತರ ಇದ್ದರೆ 0.3 ಬಾರ್. ಏರೇಟರುಗಳನ್ನು ಸಾಮಾನ್ಯವಾಗಿ 1ರಿಂದ 3 ಬಾರಿಗೆ ಹೊಂದಿಸಿರುತ್ತಾರೆ. 0.3 ಬಾರ್ ಇರುವ ನಲ್ಲಿಗೆ 3 ಲೀಟರಿನದನ್ನು ಹಾಕಿದರೆ ಗಾಳಿ ಬೆರೆಯದೆ ನೀರು ದಾರದಂತೆ ಇಳಿಯುತ್ತದೆ. ಕೊಳ್ಳುವ ಮೊದಲು ಒಂದು ಲೀಟರ್ ಬಾಟಲಿ ಹಿಡಿದು ಎಷ್ಟು ಸೆಕೆಂಡಿಗೆ ತುಂಬಿತು ನೋಡಿ, 60ನ್ನು ಅದರಿಂದ ಭಾಗಿಸಿ. 12 ಸೆಕೆಂಡು ಬಂದರೆ ನಿಮಿಷಕ್ಕೆ 5 ಲೀಟರ್. ಅಂಥ ನಲ್ಲಿಗೆ 6 ಲೀಟರಿನ ಏರೇಟರ್ ಹಾಕಿಸಿ ನೀರು ಉಳಿಯುತ್ತದೆ ಎಂದು ಕೂರುವುದು ದುಡ್ಡು ದಂಡ.

ಬಿಸಿನೀರಿನದು ಬೇರೆಯೇ ತಕರಾರು. ಗ್ಯಾಸ್ ಗೀಸರ್ ಹೊತ್ತಿಕೊಳ್ಳಲು ಸಾಮಾನ್ಯವಾಗಿ ನಿಮಿಷಕ್ಕೆ 2.5–3 ಲೀಟರ್ ಹರಿವು ಬೇಕು; ಅದಕ್ಕಿಂತ ಕಡಿಮೆಯಾದರೆ ಹೊತ್ತುವುದೇ ಇಲ್ಲ. ಸ್ಟೋರೇಜ್ ಗೀಸರ್ ಇದ್ದರೂ, ಅರ್ಧ ಇಂಚಿನ ಪೈಪು 10 ಮೀಟರ್ ಉದ್ದ ಇದ್ದರೆ ಅದರೊಳಗೆ ಸುಮಾರು 1.8 ಲೀಟರ್ ತಣ್ಣೀರು ನಿಂತಿರುತ್ತದೆ. 12 ಲೀಟರಿನ ನಲ್ಲಿ ಅದನ್ನು 9 ಸೆಕೆಂಡಿನಲ್ಲಿ ಹೊರಹಾಕಿದರೆ, 3 ಲೀಟರಿನದಕ್ಕೆ 36 ಸೆಕೆಂಡು ಬೇಕು. ಹೋಗುವ ನೀರು ಅಷ್ಟೇ, ಬೈಗುಳ ಮಾತ್ರ ನಾಲ್ಕು ಪಟ್ಟು.

ನಲ್ಲಿಯ ಬಾಯೊಳಗೆ ಥ್ರೆಡ್ ಇದ್ದರೆ ಸಾಮಾನ್ಯವಾಗಿ 24 ಎಂಎಂ, ಹೊರಗೆ ಇದ್ದರೆ 22 ಎಂಎಂ ಬೇಕಾಗುತ್ತದೆ. ಥ್ರೆಡ್ಡೇ ಇಲ್ಲದ ಹಳೆಯ ನಲ್ಲಿಗೆ ರಬ್ಬರ್ ತೋಳಿನದು ಸಿಗುತ್ತದೆ, ಆದರೆ ಪ್ರೆಶರ್ ಪಂಪ್ ಇರುವ ಕಡೆ ಅದು ಕಿತ್ತು ಬೀಳುತ್ತದೆ. ಹಾಕುವ ಮೊದಲು ನಲ್ಲಿಯನ್ನು ಒಂದು ನಿಮಿಷ ಪೂರ್ತಿ ಬಿಟ್ಟು ಮರಳು ಹೊರಹೋಗಲಿ. ಆಮೇಲೆ ಬಟ್ಟೆ ಸುತ್ತಿ ಕೈಯಲ್ಲೇ ಬಿಗಿ ಮಾಡಿ. ಟೆಫ್ಲಾನ್ ಟೇಪ್ ಬೇಡ. ನೀರು ತಡೆಯುವುದು ವಾಶರ್, ಟೇಪಿನ ಎಳೆಗಳು ಜಾಲರಿಗೆ ಸಿಕ್ಕಿಕೊಳ್ಳುತ್ತವೆ. ಪಕ್ಕದಿಂದ ಸೋರಿದರೆ ವಾಶರ್ ಮಡಚಿದೆ ಅಥವಾ ಹಾಕಿಯೇ ಇಲ್ಲ ಎಂದರ್ಥ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿದ್ದರೆ ತಿಂಗಳೆರಡು ತಿಂಗಳಿಗೆ ಜಾಲರಿಯಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಧಾರೆ ಓರೆಯಾಗಿ ಚಿಮ್ಮತೊಡಗಿದರೆ ಬಿಚ್ಚಿ, ವಿನಿಗರ್ ಅಥವಾ ನಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ನೀರನ್ನು ಉಲ್ಟಾ ಕಡೆಯಿಂದ ಬಿಡಿ. ಟಾಯ್ಲೆಟ್ ಆಸಿಡ್ ಹಾಕಿದರೆ ಕ್ರೋಮ್ ಎದ್ದುಬರುತ್ತದೆ. ಕಾವೇರಿ ನೀರಿನಲ್ಲಿ ಈ ರಗಳೆ ಕಡಿಮೆ.

ಬಿಲ್ಲೆಯಷ್ಟೇ ಅಲ್ಲ, ಎಷ್ಟು ಬಳಸಿದೆವು ಎಂಬ ಅಂಕಿ ಕಣ್ಣಿಗೆ ಬಿದ್ದರೂ ಬಳಕೆ ಇಳಿಯುತ್ತದೆ ಎನ್ನುವುದಕ್ಕೆ ಸಂಶೋಧನೆಗಳಿವೆ. ಸ್ವಿಟ್ಜರ್ಲೆಂಡಿನಲ್ಲಿ ಶವರ್ ಕೊಳವೆಗೆ ಪುಟ್ಟ ಮೀಟರ್ ಸಿಕ್ಕಿಸಿ, ಸ್ನಾನ ಮಾಡುತ್ತಿರುವಾಗಲೇ ಎಷ್ಟು ಲೀಟರ್ ಹೋಯಿತು ಎಂದು ತೋರಿಸಿದರು. ಜ್ಯೂರಿಕ್‌ನ ಮನೆಗಳಲ್ಲಿ ಶವರಿಗೆ ಹೋಗುವ ಇಂಧನ ಶೇ. 22 ಇಳಿಯಿತು. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಆರು ಹೋಟೆಲುಗಳದು. ಬಿಲ್ ತಾವು ಕಟ್ಟದ ಅತಿಥಿಗಳೂ ಶೇ. 11ರಷ್ಟು ಉಳಿಸಿದರು. ಸ್ನಾನ ನಡೆಯುತ್ತಿರುವಾಗಲೇ ಅಂಕಿ ಕಣ್ಣೆದುರು ಇದ್ದದ್ದೇ ಇಲ್ಲಿ ಮುಖ್ಯ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ಖರ್ಚನ್ನು ಚದರಡಿ ಲೆಕ್ಕದಲ್ಲಿ ಹಂಚಿದರೆ ಯಾರ ಮನೆಯಲ್ಲಿ ಎಷ್ಟು ಹೋಯಿತು ಎಂಬುದೇ ತಿಳಿಯುವುದಿಲ್ಲ.

ಅಂಕಿ ತೋರಿಸುವುದರಲ್ಲೂ ಎಡವಟ್ಟಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಮನೆಗಳಿಗೆ ನೆರೆಹೊರೆಯ ಸರಾಸರಿ ವಿದ್ಯುತ್ ಬಳಕೆ ತಿಳಿಸಿದಾಗ, ಹೆಚ್ಚು ಬಳಸುತ್ತಿದ್ದವರು ಇಳಿಸಿದರು, ಕಡಿಮೆ ಬಳಸುತ್ತಿದ್ದವರು ಏರಿಸಿದರು. ಕಡಿಮೆ ಬಳಸುವವರ ಚೀಟಿಗೆ ಒಂದು ನಗುಮುಖ ಸೇರಿಸಿದಾಗ ಏರಿಕೆ ನಿಂತಿತು. 2007ರ ಈ ಅಧ್ಯಯನವನ್ನು ಲಿಫ್ಟಿನ ಪಕ್ಕ ಸರಾಸರಿ ಅಂಟಿಸುವ ಅಸೋಸಿಯೇಷನ್‌ನವರು ನೆನಪಿಟ್ಟುಕೊಳ್ಳಬೇಕು. ಅಮೆರಿಕದ್ದೇ 154 ಫ್ಲ್ಯಾಟುಗಳ ಇನ್ನೊಂದು ವಸತಿಯಲ್ಲಿ ವಾರವಾರ ನೀರಿನ ಲೆಕ್ಕ ಕೊಟ್ಟಾಗ ನೀರು ಶೇ. 6 ಇಳಿಯಿತು, ಆದರೆ ಅದೇ ಮನೆಗಳ ವಿದ್ಯುತ್ ಶೇ. 5.6 ಏರಿತು. ಒಂದು ಕಡೆ ಉಳಿಸಿದ್ದೇವೆ ಎಂಬ ಸಮಾಧಾನ ಇನ್ನೊಂದು ಕಡೆ ಕೈ ಸಡಿಲಿಸಿರಬಹುದು.

ಹಾಗಾಗಿ ದುಡ್ಡು ಹಾಕುವುದಾದರೆ ಬೇಸಿನ್‌ಗೊಂದು, ಸಿಂಕಿಗೊಂದು ಏರೇಟರ್ ತಂದು, ಉಳಿದದ್ದನ್ನು ಫ್ಲ್ಯಾಟಿನ ಮೀಟರಿಗೆ ಇಡಿ. ಹಳೆಯ ಕಟ್ಟಡಗಳಲ್ಲಿ ಒಂದು ಫ್ಲ್ಯಾಟಿಗೆ ಮೂರು ನಾಲ್ಕು ಕಡೆಯಿಂದ ನೀರು ಬರುತ್ತದೆ: ಎರಡು ಬಚ್ಚಲು, ಅಡುಗೆಮನೆ, ಯುಟಿಲಿಟಿ. ಪ್ರತಿ ಪೈಪಿಗೂ ಒಂದೊಂದು ಮೀಟರ್ ಬೇಕು, ಒಂದನ್ನು ಬಿಟ್ಟರೂ ಮೊತ್ತ ತಪ್ಪಿ ಮೀಟಿಂಗಿನಲ್ಲಿ ಜಗಳ. ದರ ಕೇಳುವ ಮೊದಲು ಪ್ಲಂಬರನ್ನು ಟೆರೇಸಿಗೆ ಕರೆದೊಯ್ದು ಇಳಿಯುವ ಪೈಪುಗಳನ್ನು ಎಣಿಸಿ.