ಏಳು ವರ್ಷ ಬಳಸಿದ 4 ಇಂಚಿನ ಗ್ರೈಂಡರ್: ಮಷೀನು ಗಟ್ಟಿ, ಸಿಟ್ಟು ಸ್ವಿಚ್ಚಿನ ಮೇಲೆ

2018ರ ದೀಪಾವಳಿ ಹೊತ್ತಿಗೆ ತೀರ್ಥಹಳ್ಳಿ ಪೇಟೆಯಿಂದ ತಂದ 850 ವ್ಯಾಟಿನ ಹ್ಯಾಂಡ್ ಗ್ರೈಂಡರ್ ಇದು, 4 ಇಂಚಿನ ಚಕ್ರ (ವೀಲ್) ತಿರುಗಿಸಿ ಕಬ್ಬಿಣ ಕೊಯ್ಯುವ, ಉಜ್ಜುವ ಮಷೀನು. ಕಂಪನಿ ಹೆಸರು ಹೇಳುವುದಿಲ್ಲ. ಈ ಅಳತೆಯ ಮಷೀನುಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನವು, ನಾನು ಹೇಳುವ ದೂರು ಹಲವಕ್ಕೆ ಅನ್ವಯಿಸುತ್ತದೆ. ಜಿಐ ಪೈಪು, ಎಲ್ ಆಂಗಲ್ ಕೊಯ್ಯುವುದು, ತುಕ್ಕು ಹಿಡಿದ ಗೇಟು ಉಜ್ಜುವುದು, ಮೋಟಾರ್ ಫೌಂಡೇಶನ್ನಿನ ಬೋಲ್ಟು ಕತ್ತರಿಸುವುದು, ಅಡಿಕೆ ತೋಟದ ಮನೆಯಲ್ಲಿ ಇಂಥ ಕೆಲಸಕ್ಕೆ ಬರವಿಲ್ಲ. ಇಷ್ಟು ವರ್ಷದಲ್ಲಿ ಕಾರ್ಬನ್ ಬ್ರಷ್ ಎರಡು ಸಲ, ವಯರು ಒಂದು ಸಲ ಬದಲಾಯಿಸಿದ್ದೇನೆ. ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಸುರುಳಿ, ಇನ್ನೂ ಮೊದಲಿನದೇ.

ಇನ್ನು ಸ್ವಿಚ್ಚಿನ ಕಥೆ. ಅದನ್ನು ಮುಂದಕ್ಕೆ ನೂಕಿ ಮೂತಿ ಒತ್ತಿದರೆ ಕಚ್ಚಿಕೊಂಡು ಕೂರುತ್ತದೆ, ಬೆರಳು ಸೋಲುವುದಿಲ್ಲ. ಕೊಳ್ಳುವಾಗ ಇದೇ ಅನುಕೂಲ ಅಂದುಕೊಂಡಿದ್ದೆ. ಎರಡನೇ ವರ್ಷ ಒಂದು ಮಧ್ಯಾಹ್ನ ಪೈಪು ಅರ್ಧ ಕೊಯ್ದಿರುವಾಗ ಕರೆಂಟು ಹೋಯ್ತು. ನಮ್ಮಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲವಲ್ಲ, ಮಷೀನನ್ನು ಅಂಗಳದಲ್ಲೇ ಇಟ್ಟು ಚಾ ಕುಡಿಯಲು ಒಳಗೆ ಹೋದೆ. ಹತ್ತು ನಿಮಿಷಕ್ಕೆ ಹೊರಗೆ ಕಿರ್ರೆಂದು ಸದ್ದು. ಓಡಿ ಬಂದು ನೋಡಿದರೆ ಕರೆಂಟು ಬಂದಿದೆ, ಸ್ವಿಚ್ಚು ಆನ್‌ನಲ್ಲೇ ಇದೆ, ಮಷೀನು ತನ್ನಷ್ಟಕ್ಕೆ ಅಂಗಳವೆಲ್ಲ ತಿರುಗುತ್ತ ಗೋಣಿಚೀಲವೊಂದನ್ನು ಹರಿದು ಸುತ್ತಿಕೊಂಡಿದೆ. ಆ ಗೋಣಿಯ ಮೇಲೆ ದಿನಾ ನಮ್ಮ ನಾಯಿ ಮಲಗುತ್ತದೆ. ಅವತ್ತು ಅದರ ಅದೃಷ್ಟಕ್ಕೆ ಗದ್ದೆ ಕಡೆ ಹೋಗಿತ್ತು. ನಾನು ನೇರ ಮೇನ್ ಸ್ವಿಚ್ಚಿಗೆ ಓಡಿದೆ.

ನಿಮಿಷಕ್ಕೆ 11,000 ಸುತ್ತು ಅಂದರೆ ಚಕ್ರದ ಅಂಚು ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿರುತ್ತದೆ. ಅವತ್ತಿನಿಂದ ಕರೆಂಟು ಹೋದರೆ ಮೊದಲು ಸ್ವಿಚ್ಚು ಆಫ್, ಆಮೇಲೆ ಪ್ಲಗ್ ಹೊರಗೆ, ಆಮೇಲೆ ಚಾ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ ಪ್ಯಾಡಲ್ ಸ್ವಿಚ್ಚಿನ ಮಷೀನುಗಳೂ ಸಿಗುತ್ತವೆ. ಕರೆಂಟು ಮರಳಿ ಬಂದರೂ ತಾನಾಗಿ ಶುರುವಾಗದಂಥವೂ ಇವೆ. ದುಡ್ಡು ಸ್ವಲ್ಪ ಹೆಚ್ಚು, ಆದರೆ ನಮ್ಮಂಥ ಊರಿಗೆ ಅವೇ ಸರಿ.

ಗಾರ್ಡ್, ಅಂದರೆ ವೀಲ್‌ಗೆ ಅಡ್ಡ ಇರುವ ಲೋಹದ ಕವಚ, ಅದರ ವಿಚಾರಕ್ಕೆ ನಮ್ಮಲ್ಲಿ ಕೆಲಸಕ್ಕೆ ಬರುವ ವೆಲ್ಡಿಂಗ್ ಹುಡುಗನ ಜೊತೆ ಪ್ರತಿಸಲ ಜಗಳ.

"ಗೌಡ್ರೇ, ಗಾರ್ಡ್ ಇದ್ರೆ ಮೂಲೆಗೆ ಹೋಗಲ್ಲ."

"ಹೋಗದಿದ್ರೆ ಗರಗಸ ತಗೋ ಮಾರಾಯ."

ಅವನಿಗೆ ಗಾರ್ಡ್ ಬಿಚ್ಚಿ 5 ಇಂಚಿನ ವೀಲ್ ಹಾಕುವ ಆಸೆ. 4 ಇಂಚಿನ ಒಳ್ಳೆಯ ವೀಲ್ ಮೇಲೆ 15,200ರ ಆಸುಪಾಸಿನ ಸುತ್ತಿನ ಮಿತಿ ಅಚ್ಚಾಗಿರುತ್ತದೆ, 5 ಇಂಚಿನದರಲ್ಲಿ ಅದು 12,200ರ ಹತ್ತಿರಕ್ಕೆ ಇಳಿಯುತ್ತದೆ, ಮಷೀನಿನ 11,000ಕ್ಕೂ ಅದಕ್ಕೂ ಅಂತರ ಕಮ್ಮಿ, ಒಡೆದರೆ ತಡೆಯಲು ಗಾರ್ಡೂ ಇಲ್ಲ. ಅದಕ್ಕಿಂತ ಅಪಾಯ ಮರ ಕೊಯ್ಯುವ ಹಲ್ಲಿನ ಬ್ಲೇಡು. ಗಂಟಿಗೆ ಕಚ್ಚಿಕೊಂಡರೆ ಮಷೀನು ಕೈಯಿಂದ ಚಿಮ್ಮಿ ಮೈಮೇಲೆ ಬರುತ್ತದೆ. ನಾನು ಮನೆಯೊಳಗೇ ಸೇರಿಸಿಲ್ಲ.

ಪೈಪು ಕೊಯ್ಯುವಾಗಲೂ ವೀಲ್ ಕಚ್ಚಿಕೊಳ್ಳುವುದುಂಟು. ಎರಡು ತುದಿಗೂ ಕಲ್ಲು ಕೊಟ್ಟು ನಡುವೆ ಕೊಯ್ದರೆ ಪೈಪು ಬಾಗಿ ಸೀಳನ್ನು ಮುಚ್ಚುತ್ತದೆ, ವೀಲ್ ಚೂರಾಗುತ್ತದೆ. ಬೇಕಾದ ತುಂಡನ್ನು ಬಿಗಿ ಮಾಡಿ, ಬೇಡದ ತುದಿಯನ್ನು ಬೀಳಲು ಬಿಡಬೇಕು. 1 ಮಿಲಿಮೀಟರ್ ದಪ್ಪದ ಕಟಿಂಗ್ ವೀಲ್‌ನ ಮಗ್ಗುಲಲ್ಲಿ ಉಜ್ಜುವುದೂ ಬೇಡ, ಅದಕ್ಕೆ ದಪ್ಪದ ಗ್ರೈಂಡಿಂಗ್ ವೀಲ್ ಇದೆ. ವೀಲ್‌ನ ನಡುವಿನ ಲೋಹದ ಬಳೆಯ ಮೇಲೆ ಎಕ್ಸ್‌ಪೈರಿ ಇರುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದೇ ಮೂರು ವರ್ಷದ ಮೇಲೆ. ಮಲೆನಾಡಿನ ಥಂಡಿಗೆ ಅವು ತೇವ ಎಳೆದು ಸತ್ವ ಕಳೆದುಕೊಳ್ಳುತ್ತವೆ. ಹಾಗಾಗಿ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿಸಿ ಬಟ್ಟೆ ಕಪಾಟಿನಲ್ಲಿಟ್ಟಿದ್ದೇನೆ. ಈ ವಿಷಯಕ್ಕೆ ಮನೆಯವಳ ವಿಮರ್ಶೆ ಬೇರೆಯೇ ಇದೆ.

ಮೊದಲ ವರ್ಷ ನನ್ನ ಮಾಮೂಲಿ ಕನ್ನಡಕವೇ ಸಾಕು ಅಂದುಕೊಂಡಿದ್ದೆ. ಒಂದು ದಿನ ಒರೆಸುವಾಗ ಬೆಳಕಿಗೆ ಹಿಡಿದೆ: ಗಾಜಿನ ತುಂಬ ಸೂಜಿಮೊನೆಯಷ್ಟು ಕಂದು ಚುಕ್ಕೆ. ಉಗುರಿಗೆ ತರಿತರಿ, ಒರೆಸಿದರೆ ಹೋಗದು. ಒಂದೊಂದು ಕಿಡಿಯೂ ಗಾಜಿಗೆ ಅಂಟಿ ತುಕ್ಕು ಹಿಡಿದಿತ್ತು. ಪಕ್ಕದಿಂದಲೂ ಮುಚ್ಚುವ ಗಾಗಲ್ ಅದೇ ವಾರ ಬಂತು. ಮಳೆಗಾಲದಲ್ಲಿ ಆವಿ ಕಟ್ಟುತ್ತದೆ, ಸಹಿಸಿಕೊಂಡಿದ್ದೇನೆ.

ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ ಇದನ್ನು ಹಿಡಿಯುವವರನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಸಡಿಲ ಬಟ್ಟೆಯ ಗ್ಲೌಸೂ ಅಷ್ಟೇ, ಒಂದು ಎಳೆ ಸಿಕ್ಕಿದರೂ ಸಾಕು. ಕಿಡಿ ಹಾರುವ ದಿಕ್ಕಿನಲ್ಲಿ ಒಣ ಸೋಗೆ ಇರಬಾರದು, ಇದ್ದರೆ ಮೊದಲು ಗುಡಿಸಿ.

ಪ್ಲಗ್ಗಿಗೆ ಎರಡೇ ಪಿನ್, ಅರ್ತಿಂಗ್ ಇಲ್ಲ ಅಂತ ಹಲವರು ಹೆದರುತ್ತಾರೆ. ಮಷೀನಿನ ವಿವರದ ಪ್ಲೇಟಿನ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಶನ್ (ಕರೆಂಟು ಮೈಗೆ ತಾಗದಂತೆ ಎರಡು ಪದರದ ತಡೆ), ಅರ್ತಿಂಗ್ ಬೇಕಿಲ್ಲ. ಹಾಗಂತ ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲಬಹುದು ಅಂತಲ್ಲ. ನಾಲ್ಕನೇ ವರ್ಷ ಮಷೀನಿನ ಬುಡದಲ್ಲಿ ವಯರು ಬಿರಿದು ತಾಮ್ರ ಕಂಡ ಮೇಲೆ ಮನೆಯ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿದೆ.

ಹಳೇ ವರ್ಕ್‌ಶಾಪಿನವರು ಹೇಳಿಕೊಟ್ಟ ಒಂದು ಉಪಾಯ: ವೀಲ್ ಬಿಚ್ಚುವ ಸ್ಪ್ಯಾನರನ್ನು ಪ್ಲಗ್ಗಿನ ಬಳಿಯೇ ವಯರಿಗೆ ಗಿಡ್ಡ ದಾರದಲ್ಲಿ ಕಟ್ಟಿಬಿಡಿ. ಪ್ಲಗ್ ಕೀಳದೆ ಸ್ಪ್ಯಾನರು ಮಷೀನಿಗೆ ಎಟುಕುವುದೇ ಇಲ್ಲ.

ಐದರಲ್ಲಿ ಮೂರೂವರೆ ಕೊಡುತ್ತೇನೆ, ಒಂದೂವರೆ ಸ್ವಿಚ್ಚಿಗೇ ಕಳೆದದ್ದು. ಪ್ಯಾಡಲ್ ಸ್ವಿಚ್ಚಿನದು ಹೋದ ತಿಂಗಳು ತಂದಾಗಿದೆ. ಹಳೆಯದನ್ನು ಆಚೆಮನೆಯವರು ಕೇಳುತ್ತಿದ್ದಾರೆ. ಗೋಣಿಚೀಲದ ಕಥೆ ಹೇಳದೆ ಕೊಡಲು ಮನಸ್ಸಿಲ್ಲ, ಹೇಳಿದರೆ ರೇಟು ಇಳಿಸುತ್ತಾರೆ.